ಹನ್ನೊಂದು ಹಾಕಿಸುವ ಮಾತು

ಗೋಣಿಬೀಡಿನ ತೋಟದ ಆಫೀಸ್ ಕೋಣೆ. ಕಂಪ್ಯೂಟರ್ ಮುಂದಿನ ಕುರ್ಚಿಯಲ್ಲಿ ಅಶ್ವಿನ್ ಭಾವ ಕೂತಿದ್ದರು. ಮೂಡಿಗೆರೆಯ ಕಂಪ್ಯೂಟರ್ ಅಂಗಡಿಯಿಂದ ಬಂದ ನಾಗೇಶ ಪಕ್ಕದಲ್ಲಿ ನಿಂತಿದ್ದ. ದಿನಾ ಆ ಕುರ್ಚಿಯಲ್ಲಿ ಕೂರುವ ದೀಪಶ್ರೀ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು.

ಪರದೆಯ ಮೇಲೆ ಒಂದು ತಿಂಗಳಿಂದ ಅದೇ ನೋಟಿಸ್. ವಿಂಡೋಸ್ ಹತ್ತಕ್ಕೆ ಇನ್ನು ಭದ್ರತೆಯ ಅಪ್‌ಡೇಟ್ ಬರುವುದಿಲ್ಲ, ಹನ್ನೊಂದಕ್ಕೆ ಬನ್ನಿ ಅಂತ. ಹಾಕಿಸೋಣ ಎಂದು ದೀಪಶ್ರೀ ಎರಡು ಸಲ ಹೇಳಿದ್ದಳು. ಎರಡು ಸಲವೂ ಅತ್ತೆ ವಿಮಲಮ್ಮ, "ಅಶ್ವಿನ್ ಬರ್ಲಿ" ಅಂದಿದ್ದರು. ಅಶ್ವಿನ್ ಅವರ ದೊಡ್ಡ ಮಗ. ಚಿಕ್ಕಮಗಳೂರಿನಲ್ಲಿ ಮನೆ, ಟಯರ್ ಅಂಗಡಿ. ಚಿಕ್ಕ ಮಗ ಅರುಣ್, ದೀಪಶ್ರೀಯ ಗಂಡ, ತೀರಿಕೊಂಡು ಹದಿಮೂರು ತಿಂಗಳಾಗಿತ್ತು.

ಆ ಕಂಪ್ಯೂಟರಿನಲ್ಲಿ ಮಳೆ ಪುಸ್ತಕ ಇತ್ತು. ಮಾವ ಸುಬ್ಬಣ್ಣನವರು ಎಪ್ಪತ್ತೊಂದನೇ ಇಸವಿಯಲ್ಲಿ ಕಾಗದದ ಪುಸ್ತಕದಲ್ಲಿ ಶುರುಮಾಡಿದ್ದು. ಅಂಗಳದ ರೇನ್‌ಗೇಜಿನ ನೀರನ್ನು ಬೆಳಿಗ್ಗೆ ಎಂಟಕ್ಕೆ ಅಳೆದು, ಇಂಚು ಮತ್ತು ಇಂಚಿನ ನೂರನೇ ಪಾಲಾದ ಸೆಂಟಿನಲ್ಲಿ ಬರೆದಿಟ್ಟ ಐವತ್ತು ಚಿಲ್ಲರೆ ವರ್ಷಗಳ ಮಳೆ. ಯಾವ ವರ್ಷ ಬೇಸಿಗೆಯ ಮೊದಲ ಮಳೆಯಾದ ಹೂಮಳೆ ಯಾವತ್ತು ಬಿತ್ತು, ಎಷ್ಟನೇ ದಿನಕ್ಕೆ ಕಾಫಿ ಹೂ ಬಿಟ್ಟಿತು ಎಂಬುದೆಲ್ಲ ಒಂದು ಬಟನ್ ಒತ್ತಿದರೆ ಬರುತ್ತಿತ್ತು. ಹೂಮಳೆ ತಡವಾದ ವರ್ಷ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸುವ ಮೊದಲು ಸುತ್ತಿನ ತೋಟದವರೆಲ್ಲ ಇಲ್ಲಿಗೇ ಫೋನ್ ಮಾಡುತ್ತಿದ್ದರು. ಅದನ್ನು ಅವರು ಕರೆಯುತ್ತಿದ್ದುದು 'ಅರುಣನ ಮಳೆ ಪುಸ್ತಕ' ಅಂತ.

"ಮೆಷಿನ್‌ಗೆ ಹನ್ನೊಂದು ಹಾಕ್ಬಹುದು ಸಾರ್" ಅಂದ ನಾಗೇಶ. "ಆದ್ರೆ ಈ ಮಳೆ ಪ್ರೋಗ್ರಾಮ್ ಅದರಲ್ಲಿ ನಡೀದೇ ಇದ್ರೆ ರಿಪೇರಿ ಮಾಡ್ಬೇಕು. ಬರೆದವರೇ ಇದ್ದಿದ್ರೆ..."

"ಇಲ್ವಲ್ಲ ಮಾರಾಯ" ಅಂದರು ಭಾವ. "ಹಾಕೋದು ಬೇಡ ಬಿಡು. ನೆಟ್ ತೆಗೆದುಬಿಡು, ಹೀಗೇ ಇರ್ಲಿ. ಅವನ ಕೈಯ ಕೆಲಸ, ಒಂದು ನೆನಪು. ಇನ್ಮೇಲಿನ ಮಳೆನ ದೀಪಾ ನೋಟ್‌ಬುಕ್ಕಲ್ಲಿ ಬರ್ಕೋತಾಳೆ. ಅಲ್ವೇನಮ್ಮ?"

ಗೋಡೆಯ ಬದಿಯ ಬೆಂಚಿನಲ್ಲಿದ್ದ ವಿಮಲಮ್ಮ, "ಅವ್ನು ಮಾಡಿಟ್ಟಿದ್ದನ್ನ ಯಾರೂ ಕೆಡಿಸೋದು ಬೇಡ" ಅಂದರು.

ದೀಪಶ್ರೀ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಲೋಟ ಅಲುಗಿ ಕಾಫಿ ಚೆಲ್ಲಿತು. ಒರೆಸಲಿಲ್ಲ.

"ಬರೆದವಳು ಇದ್ದೀನಿ ಭಾವ."

"ಏನು?"

"ಪ್ರೋಗ್ರಾಮ್ ಬರೆದಿದ್ದು ನಾನು."

ಭಾವ ನಾಗೇಶನ ಮುಖ ನೋಡಿ ಸಣ್ಣಗೆ ನಕ್ಕರು. ಗಂಡ ಸತ್ತವಳ ಮಾತಿಗೆ ನಗುವ ಒಂದು ಬಗೆಯಿದೆ. ಹದಿಮೂರು ತಿಂಗಳಲ್ಲಿ ಅವಳಿಗೆ ಅದು ಚೆನ್ನಾಗಿ ಪರಿಚಯವಾಗಿತ್ತು. "ಟೈಪ್ ಮಾಡಿಕೊಟ್ಟೆ ಅನ್ನು. ನೋಡಿಲ್ಲಿ, ತೆರೆದ ಕೂಡ್ಲೇ ಬರುತ್ತೆ, ಮಳೆ ಪುಸ್ತಕ, ಅರುಣ್. ಹೆಸರೇ ಇದೆಯಲ್ಲ."

ಇತ್ತು. ಮದುವೆಯಾದ ಮರುವರ್ಷ ಅದನ್ನು ಹಾಕಿದ್ದು ಅವಳೇ. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳಿಗೆ ಈ ಮನೆಯಲ್ಲಿ ಓದಲು ಸಿಕ್ಕಿದ್ದು ಮಾವನ ಮಳೆ ಪುಸ್ತಕಗಳು. ನಾಲ್ಕು ತಿಂಗಳು ಕೂತು ಅಂಕಿ ತುಂಬಿ, ಪ್ರೋಗ್ರಾಮ್ ಬರೆದು, ಪ್ರೀತಿಗೆ ಅವನ ಹೆಸರು ಹಾಕಿದ್ದಳು. "ನಂದ್ಯಾಕೆ ಹಾಕ್ದೆ?" ಎಂದು ಅವನು ನಕ್ಕಿದ್ದ. ತೆಗೆಸಲಿಲ್ಲ. ಬೆಳೆಗಾರರ ಮೀಟಿಂಗಿನಲ್ಲಿ ಶಾಲು ಹೊದಿಸಿದರೆ ಹೊದ್ದುಕೊಂಡು ಬಂದ. ಅವತ್ತು ಅವಳಿಗೆ ಏನೂ ಅನ್ನಿಸಿರಲಿಲ್ಲ. ಇವತ್ತು ಅನ್ನಿಸಿತು. ಸತ್ತವನ ಮೇಲೆ ಸಿಟ್ಟು ಬರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾಗೇಶ ಮುಜುಗರದಿಂದ ಮಾತು ತಿರುಗಿಸಿದ. "ಅಂಕಿಗಳನ್ನಾದ್ರೂ ಬೇರೆ ತೆಗೆದಿಡೋಣ ಸಾರ್. ಒಂದು ಡೌಟು. ಬೆಳಿಗ್ಗೆ ಅಳೆದ ಮಳೆ ಅವತ್ತಿನ ತಾರೀಕಿಗೋ, ಹಿಂದಿನ ದಿನದ್ದಕ್ಕೋ?"

"ಅವತ್ತಿಂದೇ. ಅದ್ರಲ್ಲಿ ಕೇಳೋದೇನಿದೆ?" ಅಂದರು ಭಾವ.

"ತಪ್ಪು" ಅಂದಳು ದೀಪಶ್ರೀ. "ಮಳೆ ಬಿದ್ದಿದ್ದು ನಿನ್ನೆ ಅಂತ ಮಾವ ಹಿಂದಿನ ದಿನಕ್ಕೆ ಬರೀತಿದ್ರು. ಮಾವ ಹೋದ್ಮೇಲೆ ಅರುಣ್ ಅಳೆದ ದಿನಕ್ಕೇ ಬರೆದ್ರು. ಕೇಳಿದ್ರೆ, ಒಂದು ದಿನ ಆಚೀಚೆ ಆದ್ರೆ ಏನು ಅಂದ್ರು. ಹೂಮಳೆಯಾಗಿ ಒಂಬತ್ತನೇ ದಿನ ಹೂ ಅಂತ ಊರಿಗೆಲ್ಲ ಹೇಳ್ತಿದ್ದವರೂ ಅವರೇ. ಅವರು ಬರೆದ ಹನ್ನೆರಡು ವರ್ಷದ ಮಳೆನ ಹೂವಿನ ತಾರೀಕಿನ ಜೊತೆ ತಾಳೆ ನೋಡಿ ಒಂದು ದಿನ ಹಿಂದಕ್ಕೆ ತಂದವಳು ನಾನು. ನಂಗೆ ಶಾಲು ಬೇಕಿರ್ಲಿಲ್ಲ. ಆದ್ರೆ ನಾನು ಮಾಡಿದ್ದನ್ನ ನನ್ನೆದುರೇ ನೆನಪು ಅಂತ ಕಟ್ಟಿಡ್ತೀರಲ್ಲ, ನಾನೇನು ಸತ್ತಿದ್ದೀನಾ?"

ಕಪಾಟಿನಲ್ಲಿದ್ದ ಹಳೆಯ ಪುಸ್ತಕವೊಂದನ್ನು ನಾಗೇಶ ತೆಗೆದ. ಅರುಣನ ಅಕ್ಷರದಲ್ಲಿ ಮಾರ್ಚ್ ಹದಿನಾಲ್ಕು, ಒಂದು ಇಂಚು ಇಪ್ಪತ್ತು ಸೆಂಟ್. ಪರದೆಯಲ್ಲಿ ಅದೇ ಮಳೆ ಹದಿಮೂರಕ್ಕೆ.

"ಮೇಡಂ ಹೇಳಿದ್ದು ಸರಿ ಇದೆ ಸಾರ್."

ವಿಮಲಮ್ಮ ಸೆರಗಿನ ತುದಿ ಹಿಂಡುತ್ತಿದ್ದರು. "ತಾನೇ ಮಾಡ್ದೆ ಅಂತ ಅರುಣ ನನ್ನ ಹತ್ರ ಅಂದಿದ್ದ."

"ಅಂದಿರ್ತಾರೆ ಅತ್ತೆ. ಸುಳ್ಳು ಹೇಳಿದ್ರು."

ವಿಮಲಮ್ಮ ಎದ್ದು ಒಳಗೆ ಹೋದರು. ಬೇರೆ ದಿನವಾಗಿದ್ದರೆ ದೀಪಶ್ರೀ ಹಿಂದೆಯೇ ಹೋಗುತ್ತಿದ್ದಳು.

"ಅಮ್ಮನ ಮುಂದೆ ಹಾಗನ್ನೋದಾ?" ಭಾವನ ಧ್ವನಿ ಏರಿತು. "ನೋಡು, ಏನಾದ್ರೂ ಹಾಳಾದ್ರೆ ನಿನ್ನ ಮೇಲೇ."

"ನನ್ನ ಮೇಲೇ ಇರ್ಲಿ. ನಾನು ಕೇಳ್ತಿರೋದೂ ಅದನ್ನೇ. ಸ್ವಲ್ಪ ಏಳಿ ಭಾವ, ಕುರ್ಚಿ ಬೇಕು."

ಅವರು ಎದ್ದು ಜಗಲಿಗೆ ಹೋಗಿ ನಿಂತರು. ಅವಳು ಕೂತು, ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಇಳಿಸಿ, ಎರಡನ್ನೂ ತೆರೆದು ನೋಡಿದಳು.

"ಹಾಕ್ಲಾ?" ನಾಗೇಶ ಕೇಳಿದ್ದು ಜಗಲಿಯ ಕಡೆ ನೋಡುತ್ತಾ.

"ಅಲ್ಯಾಕೆ ನೋಡ್ತೀರಿ?" ಎಂದು ಅವಳೇ ಒತ್ತಿದಳು.

ಹನ್ನೊಂದು ಬರಲು ಒಂದೂವರೆ ಗಂಟೆ ಹಿಡಿಯಿತು. ಪುಣ್ಯಕ್ಕೆ ಕರೆಂಟ್ ಹೋಗಲಿಲ್ಲ. ಮಳೆ ಪುಸ್ತಕ ಮಾತ್ರ ತೆರೆಯಲಿಲ್ಲ. ನಾಗೇಶ ಮೂರು ಸಲ ಒತ್ತಿದ. ಮೂರು ಸಲವೂ ಖಾಲಿ ಕಿಟಕಿ ಬಂದು ಮುಚ್ಚಿಕೊಂಡಿತು.

"ನಾನು ಮೊದ್ಲೇ ಹೇಳಿದ್ನಲ್ಲ" ಎಂದು ಭಾವ ಜಗಲಿಯಿಂದಲೇ ಅಂದರು. ಆ ಧ್ವನಿಯಲ್ಲಿ ಸಮಾಧಾನವಿತ್ತು.

ದೀಪಶ್ರೀ ಆ ಕಡೆ ತಿರುಗಲಿಲ್ಲ. ಪೆನ್‌ಡ್ರೈವ್ ಹಾಕಿ ನೋಡಿದಳು. ಎಪ್ಪತ್ತೊಂದರಿಂದ ಮೊನ್ನೆಯವರೆಗಿನ ಮಳೆಯೆಲ್ಲ ಸಾಲಾಗಿ, ಸರಿಯಾದ ತಾರೀಕಿನಲ್ಲೇ ಇತ್ತು. ಹೊಸ ಫೈಲ್ ತೆರೆದು ಮೊದಲ ಸಾಲು ಟೈಪ್ ಮಾಡತೊಡಗಿದಳು.

"ಪೂರ್ತಿ ಹೊಸದಾಗೇ ಬರೀತೀರಾ ಅಕ್ಕ?" ಅಂದ ನಾಗೇಶ. "ಎಷ್ಟು ದಿನ ಆಗ್ಬಹುದು?"

"ಹೂಮಳೆಗೆ ಮೊದ್ಲು ಮುಗೀಬೇಕು" ಅಂದಳು. "ಮುಗಿಯುತ್ತೆ."