ಟವೆಲ್ಲಿನಡಿಯ ವಿಶ್ವಸಂಚು

ಸೊರಬದ ಅರುಣ ಬರೆದ ಕಾಮಿಕ್ಸನ್ನು ಮೊದಮೊದಲು ನಕ್ಕುಕೊಂಡೇ ಓದಿದೆ. ಸುಳ್ಳು ಯಾಕೆ ಹೇಳಲಿ? ಹೀರೋ ಶಿಕಾರಿಪುರದ ಬಸ್ಸನ್ನು ಒದ್ದರೆ ಅದು ಚಂದ್ರನ ಮೇಲೆ ಹೋಗಿ ನಿಲ್ಲುತ್ತದೆ, ಕಂಡಕ್ಟರ್ ಅಲ್ಲೂ ಚಿಲ್ಲರೆ ಕೇಳುತ್ತಾನೆ. ಗುಂಡು ಹಾರಿ ಬಂದರೆ ಹೀರೋ ಅದನ್ನು ಗಾಳಿಯಲ್ಲೇ ನಿಲ್ಲಿಸಿ, ತಲೆ ಬಾಚಿಕೊಂಡು, ಆಮೇಲೆ ವಾಪಸ್ ಕಳಿಸುತ್ತಾನೆ. ಅಷ್ಟರಲ್ಲಿ ವಿಲನ್ ಬಂದ. ನೋಡಿದರೆ ನಮ್ಮಪ್ಪ!

ಅದೇ ಬೋಳುತಲೆ, ಮೂಗಿನ ಪಕ್ಕ ಅದೇ ಮಚ್ಚೆ, ಹೆಗಲ ಮೇಲೆ ಅದೇ ಹಸಿರು ಅಂಚಿನ ಟವೆಲ್. ನಮ್ಮಪ್ಪ ಸದಾಶಿವಪ್ಪ ದನದ ದಲಾಲಿ. ಮಾರುವವರ ಕೈಯನ್ನು ಟವೆಲ್ಲಿನಡಿ ಹಿಡಿದು, ಬೆರಳು ಒತ್ತಿ ಬೆಲೆ ಕುದುರಿಸುವುದು ಅವರ ಕಸುಬು. ಅರುಣನ ಕಥೆಯಲ್ಲಿ ಅಪ್ಪ ಕಿರುಬೆರಳು ಒತ್ತಿದರೆ ಯಾವುದೋ ದೇಶದ ಸರ್ಕಾರ ಬೀಳುತ್ತದೆ, ಹೆಬ್ಬೆರಳು ಒತ್ತಿದರೆ ಸಮುದ್ರ ಬತ್ತುತ್ತದೆ. ಇಡೀ ಜಗತ್ತನ್ನು ಆ ಟವೆಲ್ಲೇ ಆಳುತ್ತಿದೆಯಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಹುಚ್ಚು ಕಥೆ ಅಂತ ಬಿಡಬಹುದಿತ್ತು. ಆದರೆ ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ಆನವಟ್ಟಿ ಸಂತೆಯಲ್ಲಿ ಜನ ಅಪ್ಪನ ಟವೆಲ್ ಕಂಡರೆ ಕೈ ಹಿಂದೆ ಕಟ್ಟಿಕೊಳ್ಳತೊಡಗಿದರು. "ಬಾಯಿ ಬಿಟ್ಟು ಹೇಳ್ರೀ ಸದಾಶಿವಪ್ಪ, ಮುಚ್ಚಿಟ್ಟು ಎಂತ ಮಾಡ್ತೀರಿ?" ಅನ್ನುವವರೇ ಎಲ್ಲ. ಅಪ್ಪ ಸಂತೆ ಮೇಲೆ ಸಂತೆ ಬರಿಗೈಯಲ್ಲಿ ಬಂದರು. ಹೀಗೇ ಆದರೆ ಅವರ ಕಸುಬೇ ಮುಗಿದಂತೆ. ಅರುಣನಿಗೆ ಸರಿಯಾಗಿ ನಾಲ್ಕು ಮಾತು ಬಿಗಿಯೋಣವೆಂದು ನಾನೂ ಒಂದು ಸಂತೆಗೆ ಹೋದೆ.

ಅವನು ಅಲ್ಲೇ ಇದ್ದ. ಅವನ ತಂದೆ ಹನುಮಂತಪ್ಪ ಬಡಕಲು ಎತ್ತೊಂದನ್ನು ಹಿಡಿದು ನಿಂತಿದ್ದರು. ನಮ್ಮಪ್ಪ ಟವೆಲ್ ಚಾಚಿದರು. ಸುತ್ತ ಜನ ಸೇರಿತು.

"ಟವೆಲ್ ತೆಗೀರಿ. ಎಲ್ರಿಗೂ ಕೇಳೋ ಹಂಗೆ ಹೇಳ್ರಿ," ಎಂದ ಅರುಣ, ಮೊಬೈಲ್ ಎತ್ತಿ ಹಿಡಿದು.

ಹನುಮಂತಪ್ಪನವರೇ ಸರಕ್ಕನೆ ಟವೆಲ್ಲಿನಡಿ ಕೈ ತೂರಿಸಿದರು.

"ಸುಮ್ನಿರೋ! ನನ್ನ ಎತ್ತು ಎಷ್ಟು ಕಡಿಮಿಗೆ ಹೋಯ್ತು ಅಂತ ಊರಿಗೆಲ್ಲ ಸಾರ್ಬೇಕಾ? ನನ್ನ ಮರ್ಯಾದಿ ಇರೋದೇ ಈ ಬಟ್ಟೆ ಅಡಿ."

ವ್ಯಾಪಾರ ಕುದುರಿತು. ಬೆಲೆ ಅವರಿಬ್ಬರಿಗೇ ಗೊತ್ತು.

ನಾನು ಅರುಣನ ಎದುರು ಹೋಗಿ ನಿಂತೆ. "ಈಗ ಇದನ್ನ ಬರಿ. ನಿಮ್ಮಪ್ಪನ ಕೈ ಬರಿ."

"ಆಯ್ತು ಅಕ್ಕ," ಎಂದ, ತಲೆ ತಗ್ಗಿಸಿ.

ಮೊನ್ನೆ ಎರಡನೇ ಭಾಗ ಬಂತು. ನಮ್ಮಪ್ಪನಿಗೆ ಈಗ ಕೊಂಬುಗಳು ಮೂಡಿವೆ, ಟವೆಲ್ ಆಕಾಶದಗಲ ಆಗಿದೆ. ಮೊದಲಿಂದ ಕೊನೆತನಕ ಹುಡುಕಿದೆ. ಅರುಣನ ಅಪ್ಪನ ಕೈ ಎಲ್ಲೂ ಇಲ್ಲ.