ಏಳನೆಯ ಕುರಿ

ಮಗನ ಜೊತೆ, ಅವನ ಶಾಲೆಯ ಗೆಳೆಯ ಅಸದನ ಹಿರಿಯೂರಿನ ವಿಡಿಯೋ ಸ್ಟುಡಿಯೋಗೆ ಪಾಲಮ್ಮ ಚಪ್ಪಲಿ ಹೊರಗೆ ಬಿಟ್ಟೇ ಬಂದಳು. ಒಳಗೆ ದೇವರ ಪದ ಹಾಕುತ್ತಾರೆ ಎಂದರೆ ಮೆಟ್ಟಿಕೊಂಡು ಬರುವುದು ಹೇಗೆ?

ಬರುವ ಸೋಮವಾರ ಆದಿವಾಲದ ಹತ್ತಿರದ ಹಟ್ಟಿಯಲ್ಲಿ ಅವಳೇ ಮುಂದೆ ನಿಂತು ಪದ ಹೇಳಬೇಕು. ಇಷ್ಟು ವರ್ಷ ಮುಂದೆ ನಿಲ್ಲುತ್ತಿದ್ದ ಮುದ್ದಕ್ಕ ಹೋದ ವರ್ಷ ತೀರಿಕೊಂಡಿದ್ದಳು. ಪದದಲ್ಲಿ ದೇವರ ಏಳು ಕುರಿಗಳನ್ನು ಹೆಸರು ಹಿಡಿದು ಕರೆಯುವ ಜಾಗ ಬರುತ್ತದೆ. ಪಾಲಮ್ಮನಿಗೆ ಆರು ನೆನಪಿವೆ, ಏಳನೆಯದು ನಾಲಿಗೆಗೆ ಬರುತ್ತಿಲ್ಲ. ಒಂದು ಕುರಿ ತಪ್ಪಿದರೂ ಮಂದೆ ಹಟ್ಟಿ ಸೇರದು, ಪದ ಮುಗಿಯದು. ಹದಿನೈದು ವರ್ಷದ ಹಿಂದೆ ಮಗ ರಂಗೇಶ್ ಕ್ಯಾಮ್‌ಕಾರ್ಡರಿನಲ್ಲಿ ಹಿಡಿದಿದ್ದ ಮುದ್ದಕ್ಕನ ವಿಡಿಯೋ ಒಂದೇ ಈಗ ಆಸರೆ.

ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಆ ಫೈಲನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ.

"ಲೇ ರಂಗೇಶ, ಇದರ ಹೆಸರಿನ ಬಾಲದಾಗೆ ಎಂಪಿ ಫೋರ್ ಅಂತ ಬರ್ದೋರು ಯಾರೋ?" ಅಂದ ಅಸದ್.

"ನಾನೇ. ಮೊದ್ಲು ಎಂಒಡಿ ಅಂತ ಇತ್ತು. ಫೋನಾಗೆ ಓಡ್ಲಿಲ್ಲ, ಅದಕ್ಕೆ ಬದಲಾಯಿಸ್ದೆ."

"ಕುರಿ ಕಾಯೋ ಮನೆಯೋನಾಗಿ ಹಿಂಗಾ ಮಾಡೋದು? ಕಿವಿ ಗುರುತು ಬದಲಾಯಿಸಿದ್ರೆ ಕುರಿ ಮೇಕೆ ಆಗ್ತೈತೇನೋ?"

ಪಾಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಸರಿಯಾಗಿ ಹೇಳ್ದೆ ಕಣಪ್ಪ. ಶಾಲೇಲೂ ಇವ್ನು ಹಿಂಗೇ, ನಿನ್ನ ಲೆಕ್ಕ ಕಾಪಿ ಮಾಡಿ ಹೆಸರಷ್ಟೇ ಬದಲಾಯಿಸೋನು."

ಅಸದ್ ಹಳೆಯ ಹೆಸರನ್ನೇ ಕೊಟ್ಟ. ಚಿತ್ರ ಬಂತು. ಮುದ್ದಕ್ಕ ಕಣ್ಣು ಮುಚ್ಚಿ ಹಾಡುತ್ತಿದ್ದಳು, ಆದರೆ ಸದ್ದೇ ಇಲ್ಲ.

"ಧ್ವನಿ ಬೇರೆ ಜಾತೀದು ಅಮ್ಮ, ಈ ಸಾಫ್ಟ್‌ವೇರಿಗೆ ತಿಳಿಯೋದಿಲ್ಲ. ಪೂರ್ತಿ ಕನ್ವರ್ಟ್ ಮಾಡ್ಬೇಕು. ಒಸಿ ಕುಂತ್ಕಳ್ರಿ."

"ಆಗ್ಲಿ. ಅಷ್ಟರಾಗೆ ತುಟಿ ನೋಡೇ ಹಿಡಿತೀನಿ."

ತುಟಿಯ ಜೊತೆಗೆ ಪಾಲಮ್ಮ ಮೆಲ್ಲಗೆ ಹಾಡಿಕೊಂಡಳು. ಬಿಳಿಗಿವಿ, ಗೆಜ್ಜೆಗಾಲಿ, ಕರಿಮೊಗದವಳು... ಆರು ಮುಗಿದವು. ಏಳನೆಯದಕ್ಕೆ ಮುದ್ದಕ್ಕನ ಬಾಯಿ ಮುಚ್ಚಿತ್ತು. ಪಾಲಮ್ಮನ ಮುಖ ಇಳಿದುಹೋಯಿತು.

"ಅವಳಿಗೂ ಮರ್ತಿತ್ತೇನೋ. ಇನ್ನ್ಯಾರನ್ನ ಕೇಳ್ಲಿ?"

ಚಹಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಕನ್ವರ್ಟ್ ಆಗಿತ್ತು. ಅಸದ್ ಅದೇ ಜಾಗಕ್ಕೆ ತಂದು ಒತ್ತಿದ. ಮುದ್ದಕ್ಕ ಆರು ಕುರಿ ಕರೆದು ಉಸಿರು ತೆಗೆದುಕೊಂಡಳು. ಚಿತ್ರದ ಆಚೆಯಿಂದ ಇನ್ನೊಂದು ದನಿ ಎದ್ದಿತು: "ಕುಂಟುತ ಬಂದಾಳೋ ಕೆಂದೀ..."

"ಇದ್ಯಾರವ್ವಾ?" ಅಂದ ರಂಗೇಶ್, ಗೊತ್ತಿದ್ದೂ.

ದನಿ ಪಾಲಮ್ಮನದೇ. ಆರನ್ನು ಮುಂದಿನವಳು ಕರೆದರೆ ಏಳನೆಯದನ್ನು ಹಿಂದೆ ನಿಂತವಳು ಎತ್ತಿಕೊಡುವುದು ಪದ್ಧತಿ. ಮುದ್ದಕ್ಕನ ಬೆನ್ನ ಹಿಂದೆ ನಿಂತು ವರ್ಷ ವರ್ಷವೂ ಪಾಲಮ್ಮನೇ ಎತ್ತಿಕೊಟ್ಟಿದ್ದಳು. ಆ ಆರು ಕಿವಿಗೆ ಬಿದ್ದರೆ ಏಳನೆಯದು ತಾನಾಗಿ ಬರುತ್ತಿತ್ತು, ಎತ್ತುವವಳು ತಾನೇ ಎಂಬುದೂ ಅರಿವಿಗೆ ಬಾರದಷ್ಟು. ಒಬ್ಬಳೇ ಹೇಳಿಕೊಳ್ಳುವಾಗ ಬಂದಿರಲಿಲ್ಲ.

"ಕುರಿ ನಿಮ್ಮ ಹತ್ರಾನೇ ಇಟ್ಕೊಂಡು ಹಿರಿಯೂರಿಗೆ ಹುಡುಕ್ಕೊಂಡು ಬಂದ್ರಲ್ಲಮ್ಮ," ಅಂದ ಅಸದ್.

ಪಾಲಮ್ಮ ಕಣ್ಣೊರೆಸಿಕೊಂಡಳು. "ಮಾತು ಸಾಕು, ಇನ್ನೊಂದ್ಸಲ ಹಾಕು."

ಈ ಸಲ ಅವಳು ಮುದ್ದಕ್ಕನ ಜೊತೆ ಗಟ್ಟಿಯಾಗಿ ಆರನ್ನೂ ಕರೆದು, ಬೇಕೆಂದೇ ನಿಲ್ಲಿಸಿದಳು. ಸ್ಪೀಕರಿಗಿಂತ ಮೊದಲು ಅಸದನೇ ಅಂದುಬಿಟ್ಟ: "ಕುಂಟುತ ಬಂದಾಳೋ ಕೆಂದೀ..."

"ರಂಗೇಶ, ನೀನು ಪಕ್ಕಕ್ಕೆ ಸರಿ," ಅಂದಳು ಪಾಲಮ್ಮ. "ಸೋಮವಾರ ನನ್ನ ಹಿಂದೆ ನಿಲ್ಲೋಕೆ ಜನ ಸಿಕ್ಕಿದ್ರು."