ಎದುರಿನ ಗುಳಿ

ನಾನು ಒಂದು ರೋಟರ್. ಹೆಸರು ಕೇಳಿ ದೊಡ್ಡ ಯಂತ್ರವೆಂದುಕೊಳ್ಳಬೇಡಿ. ದ್ರವವನ್ನು ಜೋರಾಗಿ ತಿರುಗಿಸಿ ಅದರಲ್ಲಿದ್ದದ್ದನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜ್ ಎಂಬ ಯಂತ್ರ ಬೇರೆ, ನಾನು ಅದರ ಹೊಟ್ಟೆಯಲ್ಲಿ ಕೂತು ಗಿರಗಿರನೆ ತಿರುಗುವ ಟೈಟೇನಿಯಂ ಗಡ್ಡೆ. ಯಾವುದೋ ಚಳಿ ದೇಶದ ಕಾರ್ಖಾನೆಯಲ್ಲಿ ಒಂದೇ ದಿಮ್ಮಿಯನ್ನು ಕಡೆದು ನನ್ನನ್ನು ಮಾಡಿದರು. ಸುತ್ತಲೂ ಟ್ಯೂಬು ಇಳಿಸಲು ಆರು ಓರೆ ಗುಳಿ ಕೊರೆದರು, ಒಂದೊಂದಕ್ಕೂ ಸರಿಯಾಗಿ ಎದುರಿಗೆ ಇನ್ನೊಂದು. ಇಷ್ಟು ಸಲ ತಿರುಗಿದ ಮೇಲೆ ಇದನ್ನು ಬಳಸಬಾರದು, ಬಳಸಿದರೆ ಸಿಡಿದೀತು ಎಂದು ಹುಟ್ಟಿದ ದಿನವೇ ನನ್ನ ಆಯಸ್ಸನ್ನೂ ಗೊತ್ತುಮಾಡಿದರು. ಮನುಷ್ಯರಿಗೆ ಈ ಅನುಕೂಲವಿಲ್ಲ.

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನನ್ನನ್ನು ಪೆಟ್ಟಿಗೆಯಿಂದ ಎತ್ತಿದವರು ಡಾ. ಇನಾಮದಾರ. ಎತ್ತಿದ ಭಾರಕ್ಕೆ ತಮ್ಮ ಸೊಂಟ ಹಿಡಿದುಕೊಂಡರು. ಖಂಡೇನವಮಿಗೆ ಯಂತ್ರದ ಮುಚ್ಚಳಕ್ಕೆ ಕುಂಕುಮ, ಚೆಂಡುಹೂವು ಏರಿಸುವಾಗ ನನ್ನನ್ನು ಮಾತ್ರ ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತಿದ್ದರು. ಒಂದು ಬದಿಗೆ ಚಿಟಿಕೆ ಕುಂಕುಮ ಹತ್ತಿದರೂ ತೂಕ ತಪ್ಪೀತೆಂಬ ಭಯ ಅವರಿಗೆ. ನನಗೂ ತೂಕ ಬಿಟ್ಟರೆ ಬೇರೇನೂ ತಿಳಿಯದು. ಎದುರುಬದುರು ಗುಳಿಗಳಲ್ಲಿ ಸಮತೂಕವಿದ್ದರೆ ನಾನು ನೆಮ್ಮದಿಯಾಗಿ ತಿರುಗುತ್ತೇನೆ.

ನನ್ನ ಆಯಸ್ಸು ಮುಕ್ಕಾಲು ಸವೆದಾಗ ಶಾಂಭವಿ ಬಡಿಗೇರ ಬಂದಳು, ಇನಾಮದಾರ ಸರ್ ಕೈಕೆಳಗೆ ಪಿಎಚ್.ಡಿ. ಮಾಡಲು. ಅವಳ ಕೆಲಸ ವೆಸಿಕಲ್‌ಗಳದ್ದು. ದೇಹದ ಕೋಶಗಳು ತಮ್ಮ ಒಳಗಿನ ಚೂರುಪಾರು ತುಂಬಿ ಹೊರಕ್ಕೆ ಬಿಡುವ ಅತಿ ಸಣ್ಣ ಗುಳ್ಳೆಗಳವು. ಕೋಶಕ್ಕೆ ಕಾಯಿಲೆಯಾದರೆ ಅದರ ಸುಳಿವು ಗುಳ್ಳೆಯಲ್ಲಿ ಸಿಗುತ್ತದಂತೆ. ಕೋಶ ಬೆಳೆದ ದ್ರವವನ್ನು ಅವಳು ಟ್ಯೂಬಿಗೆ ತುಂಬಿ ನನ್ನ ಗುಳಿಗೆ ಇಳಿಸುತ್ತಿದ್ದಳು. ನಾನು ತಿರುಗಿ ತಿರುಗಿ ಗುಳ್ಳೆಗಳನ್ನೆಲ್ಲ ತಳಕ್ಕೆ ತಳ್ಳುತ್ತಿದ್ದೆ; ಅಲ್ಲಿ ಅವು ಒಂದು ಮಸುಕು ಕಲೆಯಾಗಿ ಕೂರುತ್ತಿದ್ದವು. ಆಮೇಲೆ ಇನ್ನೊಂದು ಯಂತ್ರ ಅವನ್ನು ಎಣಿಸುತ್ತಿತ್ತು.

ಸಕ್ಕರೆ ಕಾಯಿಲೆಯಿಂದ ಸೊರಗಿದ ಮೂತ್ರಪಿಂಡದ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಎರಡು ಪಟ್ಟು ವೆಸಿಕಲ್ ಬಿಡುತ್ತವೆ ಎಂದು ಅವಳು ಕಂಡುಕೊಂಡಳು. ಇದು ನಿಜವಾದರೆ ಕಾಯಿಲೆಯನ್ನು ಬಲು ಮೊದಲೇ ಹಿಡಿಯಬಹುದಿತ್ತು. ಸರ್ ಎಲ್ಲರಿಗೂ ಪೇಢೆ ಹಂಚಿದರು. ಪ್ರಬಂಧ ಕಳಿಸುವುದಷ್ಟೇ ಬಾಕಿ.

ಅಲ್ಲಿ ಒಂದು ರೂಢಿಯಿತ್ತು. ಕೋಶಗಳ ಆಹಾರಕ್ಕೆ ಮೀಡಿಯಾ ಎನ್ನುತ್ತಾರೆ. ಅದಕ್ಕೆ ಕರುವಿನ ರಕ್ತದಿಂದ ತೆಗೆದ ಸೀರಮ್ ಬೆರೆಸುತ್ತಾರೆ. "ಸೊರಗಿದ್ದಕ್ಕ ಒಂದೀಟು ಜಾಸ್ತಿ ಉಣಸಬೇಕವಾ, ಇಲ್ಲಾಂದ್ರ ಸಾಯ್ತಾವ" ಎಂದು ಸರ್ ಕಲಿಸಿದ್ದರು. ಶಾಂಭವಿ ಅವಕ್ಕೆ ಎರಡರಷ್ಟು ಸೀರಮ್ ಹಾಕಿ, ಬಾಣಂತಿಯನ್ನು ನೋಡಿಕೊಂಡಂತೆ ಆ ಕೋಶಗಳನ್ನು ನೋಡಿಕೊಂಡಿದ್ದಳು.

ಒಂದು ದಿನ ಟ್ಯೂಬುಗಳ ಸಂಖ್ಯೆ ಬೆಸವಾಯಿತು, ಒಂದಕ್ಕೆ ಜೋಡಿ ಇಲ್ಲ. ಹಾಗಾದಾಗ ಎದುರಿನ ಖಾಲಿ ಗುಳಿಗೆ ಸಾಮಾನ್ಯವಾಗಿ ಉಪ್ಪುನೀರಿನ ಟ್ಯೂಬಿಟ್ಟು ತೂಕ ಸರಿಮಾಡುತ್ತಿದ್ದಳು. ಅಂದು ಉಪ್ಪುನೀರು ಮುಗಿದಿತ್ತು. ಸೊರಗಿದ ಕೋಶಗಳಿಗೆಂದು ಕಲಸಿಟ್ಟ ಮೀಡಿಯಾವನ್ನೇ, ಕೋಶವಿಲ್ಲದ್ದನ್ನು, ಸುರಿದಳು. ತೂಕ ಸರಿಯಾಯಿತು, ನಾನು ತಿರುಗಿದೆ. ಹೊರತೆಗೆದಾಗ ಎದುರಿನ ಟ್ಯೂಬಿನ ತಳದಲ್ಲೂ ಅದೇ ಮಸುಕು ಕಲೆ. ಚೆಲ್ಲಲು ಬಾಗಿಸಿದ ಕೈ ಅಲ್ಲೇ ನಿಂತಿತು. ಕಲೆಯನ್ನು ಕರಗಿಸಿ ಎಣಿಸಿ ನೋಡಿದಳು. ಆಮೇಲೆ ಸರ್ ಹತ್ತಿರ ಬಂದಳು.

"ಸರ್, ಎದುರಿನ ಟ್ಯೂಬಿನ್ಯಾಗೂ ಐತ್ರಿ."

"ಏನದ?"

"ವೆಸಿಕಲ್ರಿ. ಅದರಾಗ ಕೋಶಾನ ಇರ್ಲಿಲ್ಲ, ಬರೇ ಮೀಡಿಯಾ. ಎಣಿಕಿ ಹೆಚ್ಚುಕಡಿಮಿ ಅಷ್ಟ ಬಂದೈತಿ."

"ಹಂಗಾರ ಯಾರವು ಅವು?"

"ಕರುವಿನವ್ರಿ."

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. "ಬ್ಯಾಲೆನ್ಸ್ ಟ್ಯೂಬು ಯಾರರ ನೋಡ್ತಾರೇನವಾ? ಅದನ್ನ ಚೆಲ್ಲೋದು."

"ನಾ ನೋಡೇನ್ರಿ. ಇನ್ನ ನೋಡಿಲ್ಲಂತ ಹ್ಯಾಂಗನ್ಲಿ?"

ಸೀರಮ್‌ನಲ್ಲಿದ್ದ ಕರುವಿನ ಗುಳ್ಳೆಗಳನ್ನು ಮೊದಲೇ ತಿರುಗಿಸಿ ತೆಗೆದು, ಎಲ್ಲ ಕೋಶಗಳಿಗೂ ಸಮನಾಗಿ ಉಣಿಸಿ, ಪ್ರಯೋಗವನ್ನು ಹೊಸದಾಗಿ ಮಾಡಬೇಕಿತ್ತು. ನನ್ನಲ್ಲಿ ಉಳಿದಿದ್ದ ಸುತ್ತುಗಳು ಕೆಲವೇ ಕೆಲವು. ಅವನ್ನು ಅವಳ ಕೊನೆಯ ಅಧ್ಯಾಯಕ್ಕೆಂದು, ರೋಗಿಗಳ ಮೂತ್ರದ ಪರೀಕ್ಷೆಗೆ, ಕಾದಿಟ್ಟಿದ್ದರು. ಹೊಸ ರೋಟರ್ ಬರುವ ಮಾತು ಇರಲಿಲ್ಲ.

"ಉಳಿದದ್ದು ಇದಕ್ಕ ಖರ್ಚಾದ್ರ ನಿನ್ನ ಥೀಸಿಸ್ ಗತಿ ಏನು?" ಎಂದರು ಸರ್.

"ಇದನ್ನ ನೋಡದ ಬರದ್ರ ಥೀಸಿಸೂ ಕರುವಿಂದ ಆಗತೈತ್ರಿ."

ಸರ್ ನಗಬಾರದೆಂದುಕೊಂಡೂ ನಕ್ಕರು. ಆಮೇಲೆ ಅವರೇ ನನ್ನನ್ನು ಎತ್ತಿ ಯಂತ್ರದೊಳಗೆ ಕೂರಿಸಿದರು. ಪೇಢೆ ಹಂಚಿದ್ದ ಮನುಷ್ಯನಿಗೆ ಅದು ಸುಲಭದ ಕೆಲಸವಾಗಿರಲಿಲ್ಲ.

ನಾನು ತಿರುಗಿದೆ, ಮತ್ತೆ ತಿರುಗಿದೆ. ಈ ಸಲ ಬರೀ ಮೀಡಿಯಾದ ಟ್ಯೂಬಿನಲ್ಲಿ ಕಲೆಯಿರಲಿಲ್ಲ. ಕೋಶದ ಟ್ಯೂಬುಗಳಲ್ಲೂ ಕಣ್ಣಿಗೆ ಏನೂ ಕಾಣಲಿಲ್ಲ. ಎಣಿಸಿದಾಗ ವೆಸಿಕಲ್‌ಗಳಿದ್ದವು, ಆದರೆ ಕೆಲವೇ. ಸೊರಗಿದ ಕೋಶದವೂ ಅಷ್ಟೇ, ಗಟ್ಟಿ ಕೋಶದವೂ ಅಷ್ಟೇ. ಎರಡು ಪಟ್ಟು ಎಂಬುದು ಅವಳೇ ಉಣಿಸಿದ ಸೀರಮ್ಮಿನ ಲೆಕ್ಕವಾಗಿತ್ತು. ಶಾಂಭವಿ ನನ್ನ ಮುಂದೆ ನಿಂತು ಅತ್ತಳು. ಕೈಗೆ ಗ್ಲೌಸ್ ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲಿಲ್ಲ.

ಪ್ರಬಂಧ ಹೋಗಲಿಲ್ಲ. ಡಿಗ್ರಿ ತಡವಾಗಿ ಬಂತು; ಕಾಯಿಲೆ ಪತ್ತೆಹಚ್ಚುವ ಮಾತು ಥೀಸಿಸಿನಲ್ಲಿಲ್ಲ, ಹೇಗೆ ಮೋಸಹೋದೆವು ಎಂಬುದಷ್ಟೇ ಇತ್ತು. ನನ್ನ ಆಯಸ್ಸೂ ಮುಗಿದಿತ್ತು. ಗುಜರಿಗೆ ಹೊರಟಿದ್ದ ನನ್ನನ್ನು ಅವಳು ಕೇಳಿ ಪಡೆದಳು.

ಈಗ ಬಾಗಲಕೋಟೆಯ ಕಾಲೇಜೊಂದರಲ್ಲಿ ಅವಳ ಮೇಜಿನ ಮೇಲೆ ಪೆನ್ನಿನ ಸ್ಟ್ಯಾಂಡಾಗಿ ಕೂತಿದ್ದೇನೆ. ಲೋಹಕ್ಕೆ ದುಃಖವಿಲ್ಲ, ಆದರೆ ಧೂಳು ಕೂರುತ್ತದೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಬಾಗಿಲಲ್ಲಿ ನಿಂತು, "ಮೇಡಂ, ಎದುರಿನ ಟ್ಯೂಬಿಗೆ ನೀರು ಹಾಕ್ಲೇನ್ರಿ?" ಎಂದಳು.

"ಬ್ಯಾಡ. ಕೋಶ ಇಲ್ಲದ ಮೀಡಿಯಾ ಹಾಕು. ತಿರುಗಿದ ಮ್ಯಾಲೆ ಮೊದಲ ಅದನ್ನ ನೋಡು."

ಹೇಳುತ್ತಲೇ ಶಾಂಭವಿ ಕೈಯಲ್ಲಿದ್ದ ಪೆನ್ನನ್ನು ನನ್ನ ಒಂದು ಗುಳಿಗೆ ಇಳಿಸಿದಳು. ನಾನಿನ್ನು ತಿರುಗುವುದಿಲ್ಲವೆಂದು ಅವಳಿಗೂ ಗೊತ್ತು. ಆದರೂ ಆ ಕೈ ಮೇಜಿನ ಮೇಲೆ ತಡಕಾಡಿ ಇನ್ನೊಂದು ಪೆನ್ನು ಹುಡುಕಿತು, ಎದುರಿನ ಗುಳಿಗೆ ಹಾಕಿತು.